ಲ್ಯಾಂಬ್ರೆಟಾ ಎಂಜಿನ್ನಿನ ಶ್ರುತಿ

ಇಟಲಿಯ ಮಿಲಾನ್ ನಗರದ ಲ್ಯಾಂಬ್ರಾಟೆ ಎಂಬ ಬಡಾವಣೆಯಲ್ಲಿ, ಅಲ್ಲಿ ಹರಿಯುವ ಲ್ಯಾಂಬ್ರೊ ನದಿಯ ಹೆಸರನ್ನು ಹೊತ್ತು 1947ರಲ್ಲಿ ಹುಟ್ಟಿದ ಲ್ಯಾಂಬ್ರೆಟಾ ಸ್ಕೂಟರು, ತನ್ನ ಜನಕಸಂಸ್ಥೆಯಾದ ಇನೊಚೆಂಟಿಯು 1971ರಲ್ಲಿ ಅದರ ತಯಾರಿಕೆಗೆ ಮಂಗಳ ಹಾಡಿದ ತರುವಾಯವೂ ಬದುಕಿ ಉಳಿಯಿತು. ಹಾಗೆ ಉಳಿಯಲು ಬಹುಮಟ್ಟಿಗೆ ಕಾರಣವಾದದ್ದು ನಮ್ಮ ದೇಶ. ಮಿಲಾನಿನ ಅಚ್ಚುಗಳನ್ನೂ ಯಂತ್ರಸಾಮಗ್ರಿಯನ್ನೂ ಕೊಂಡು ತಂದ ಭಾರತ ಸರ್ಕಾರವು ಅವನ್ನು 1972ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ಸ್ಕೂಟರ್ಸ್ ಇಂಡಿಯಾ ಸಂಸ್ಥೆಯ ವಶಕ್ಕೆ ಕೊಟ್ಟಿತು. ಒಳನಾಡಿನಲ್ಲಿ ವಿಜಯ್ ಸೂಪರ್ ಎಂದೂ, ಕಡಲಾಚೆಗೆ ಹೋದಾಗ ಲ್ಯಾಂಬ್ರೆಟಾ ಜಿಪಿ ಎಂದೂ ಕರೆಯಿಸಿಕೊಂಡು ಆ ವಾಹನವು ಇನ್ನೂ ಎರಡು ದಶಕಗಳ ಕಾಲ ತಯಾರಾಯಿತು. ನಮ್ಮಲ್ಲಿ ಅದು ಗುಮಾಸ್ತರನ್ನು ಕಚೇರಿಗೆ ಒಯ್ಯುವ ಸಾಧುಪ್ರಾಣಿಯಾಗಿಯೇ ಮುಪ್ಪನ್ನು ಕಂಡಿತು. ಆದರೆ ಸ್ಕೂಟರನ್ನು ಒಂದು ವ್ಯಸನವನ್ನಾಗಿ ಮಾಡಿಕೊಂಡ ಇಂಗ್ಲೆಂಡಿನ ತರುಣರು, ಮೊದಲು ಅದಕ್ಕೆ ಕನ್ನಡಿ ದೀಪಗಳನ್ನು ಸಾಲಾಗಿ ತೊಡಿಸಿ ಮೆರೆಸಿ, ಆ ಚಪಲ ತೀರಿದ ಮೇಲೆ ಅದರ ಎಂಜಿನ್ನಿಗೆ ಕೈಯಿಕ್ಕಿದರು. ಹೀಗಾಗಿ ಲಖನೌದಲ್ಲಿ ಎರಕಗೊಂಡ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸು ಇಂಗ್ಲೆಂಡಿನದೋ ಜರ್ಮನಿಯದೋ ಒಂದು ಕಾರ್ಯಾಗಾರದ ಮೇಜನ್ನೇರಿ, ತನ್ನನ್ನು ರೂಪಿಸಿದವರು ಕನಸಿನಲ್ಲಿಯೂ ಎಣಿಸದಿದ್ದ ಬಲವನ್ನು ಹೊರಲು ಅಣಿಯಾಗುವುದು ಇಂದಿಗೂ ಸಾಮಾನ್ಯ ದೃಶ್ಯ.

ಈ ಅಧ್ಯಾಯಕ್ಕೆ ವಸ್ತುವಾಗಿರುವುದು ಅಂತಹ ಒಂದು ಎಂಜಿನ್ನು. ಲ್ಯಾಂಬ್ರೆಟಾದ 125, 150, 175, 200 ಎಂಬ ಮಾದರಿಗಳಲ್ಲಿ ಪಿಸ್ಟನ್ನು ಏರಿಳಿಯುವ ದೂರವು ಒಂದೇ, 58 ಮಿಲಿಮೀಟರು. ಸಿಲಿಂಡರಿನ ವ್ಯಾಸ ಮಾತ್ರ ಕ್ರಮವಾಗಿ 52, 57, 62, 66 ಮಿಲಿಮೀಟರುಗಳೆಂದು ಹಿಗ್ಗುತ್ತ ಹೋಗುವುದು. ಎಲ್ಲಕ್ಕೂ ದೊಡ್ಡದಾದ ಜಿಪಿ 200ರ ಗಾತ್ರ 198 ಘನ ಸೆಂಟಿಮೀಟರು, ಬಲ ಸುಮಾರು 12 ಅಶ್ವಶಕ್ತಿ. ಅದೇ ಕ್ರ್ಯಾಂಕ್‌ಕೇಸಿನ ಮೇಲೆ ಮೂಲ ಕಾರ್ಖಾನೆಯದಲ್ಲದ ಸಿಲಿಂಡರು, ಕಾರ್ಬ್ಯುರೇಟರು, ಸೈಲೆನ್ಸರುಗಳನ್ನು ಕೂರಿಸಿ ಇಪ್ಪತ್ತೈದು ಅಶ್ವಶಕ್ತಿಯನ್ನು ಮೀರಿಸುವುದು ಇಂದು ಪವಾಡವೇನೂ ಅಲ್ಲ. ಈ ಹುಚ್ಚು ಹೊಸದೆಂದು ಮೂಗೆಳೆಯುವವರು, ಇನೊಚೆಂಟಿ ಸಂಸ್ಥೆಯೇ 1951ರಲ್ಲಿ ಮ್ಯೂನಿಕ್ ಮತ್ತು ಇಂಗೊಲ್‌ಸ್ಟಾಟ್ ನಡುವಣ ಹೆದ್ದಾರಿಯಲ್ಲಿ 125 ಸಿಸಿಯ ಒಂದು ಲ್ಯಾಂಬ್ರೆಟಾವನ್ನು ಮೀನಿನ ಆಕಾರದ ಕವಚದೊಳಗಿರಿಸಿ, ರೊಮೊಲೊ ಫೆರಿ ಎಂಬ ಸವಾರನಿಂದ ಗಂಟೆಗೆ 201 ಕಿಲೊಮೀಟರು ಓಡಿಸಿತೆಂಬುದನ್ನು ನೆನೆಯಬೇಕು. ಆದರೆ ಅಂಗಡಿಯಲ್ಲಿ ಕೊಂಡ ಬಿಡಿಭಾಗಗಳಲ್ಲಿ ಬಲವು ತುಂಬಿಟ್ಟಿರುವುದೆಂದು ಬಗೆದು, ದುಬಾರಿಯಾದದ್ದನ್ನೆಲ್ಲ ಒಟ್ಟುಗೂಡಿಸಿ ತಿರುಪು ಬಿಗಿದರೆ ಮೊದಲಿಗಿಂತಲೂ ನಿಸ್ತೇಜವಾದ, ನೂರು ಮೈಲಿಯೊಳಗೆ ಸೀಜ್ ಆಗುವ, ಎಂದರೆ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವ ಎಂಜಿನ್ನು ದೊರೆಯುವ ಸಂಭವವೇ ಹೆಚ್ಚು. ಈ ಯಂತ್ರದಲ್ಲಿ ಬಲವೆಂಬುದು ಕಾಲದ ಹೊಂದಾಣಿಕೆಯಿಂದ ಹುಟ್ಟತಕ್ಕದ್ದು. ಆ ಕಾಲವಾದರೋ ಸೆಕೆಂಡಿನ ಸಾವಿರದ ಕೆಲವು ಪಾಲುಗಳು.

ಲ್ಯಾಂಬ್ರೆಟಾದಲ್ಲಿರುವಂಥ ಎರಡು ಹೊಡೆತದ ಎಂಜಿನ್ನನ್ನು ನಾವು ಇಂದು ಬಲ್ಲ ರೂಪಕ್ಕೆ ತಂದವನು ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ. 1891ರಲ್ಲಿ ಅವನು, ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸನ್ನೇ ಪಂಪಾಗಿ ಬಳಸುವ ಉಪಾಯವನ್ನು ಕಂಡನು. ಪಿಸ್ಟನ್ನು ಮೇಲೇರುವಾಗ ಅದರ ತಲೆಯ ಮೇಲೆ ಅನಿಲ ಒತ್ತಿಕೊಳ್ಳುವುದು, ಕೆಳಗೆ ಪೆಟ್ರೋಲು ಬೆರೆತ ಗಾಳಿ ಒಳಸೇರುವುದು. ಕೆಳಗಿಳಿಯುವಾಗ ಅದು ಸಿಲಿಂಡರಿನ ಗೋಡೆಯಲ್ಲಿ ಕೊರೆದ, ಪೋರ್ಟುಗಳೆಂದು ಮೆಕ್ಯಾನಿಕ್ಕುಗಳು ಕರೆಯುವ ಗಂಡಿಗಳನ್ನು ಒಂದೊಂದಾಗಿ ತೆರೆದು, ಮೊದಲು ಹೊಗೆಗೆ ದಾರಿ ಬಿಡುವುದು, ಮರುಗಳಿಗೆಯೇ ಹೊಸ ಮಿಶ್ರಣಕ್ಕೆ. ಏರಿಳಿದು ಗಂಡಿಗಳನ್ನು ಕಾಯುವ ಕೆಲಸವೆಲ್ಲ ಪಿಸ್ಟನ್ನಿನದೇ ಆದ್ದರಿಂದ ಇಲ್ಲಿ ಪ್ರತ್ಯೇಕ ಕವಾಟಗಳಿಲ್ಲ, ಅವನ್ನು ಎತ್ತಿಳಿಸುವ ಸರಂಜಾಮಿಲ್ಲ, ಬೆಲೆಯೂ ಕಡಿಮೆ. ಆದರೆ ಇದರ ದೋಷವೂ ಇಲ್ಲಿಯೇ ಅಡಗಿದೆ. ಮದುವೆಯ ಮನೆಯಲ್ಲಿ ಉಂಡವರು ಎದ್ದು ಹೊರಡುತ್ತಿರುವಾಗಲೇ ಮುಂದಿನ ಪಂಕ್ತಿಯವರು ನುಗ್ಗಿದರೆ, ಕೈತೊಳೆಯಹೋಗುವವರ ಸಂದಣಿಯಲ್ಲಿ ಸಿಕ್ಕಿ ಹಸಿದವರೂ ಕೆಲವರು ಹೊರದೂಡಲ್ಪಡುವಂತೆ, ಉರಿಯದ ಪೆಟ್ರೋಲಿನಲ್ಲಿ ಒಂದು ಭಾಗವು ಹೊಗೆಯೊಡನೆ ಸೈಲೆನ್ಸರಿಗೆ ಸೇರಿ ಹೋಗುವುದು. ಎರಡು ಹೊಡೆತದ ಸ್ಕೂಟರುಗಳ ಹಿಂದೆ ನಾವು ಕುಡಿದ ಆ ನೀಲಿ ಹೊಗೆಯ ಘಾಟಿಗೆ ಎಣ್ಣೆಯೊಂದೇ ಕಾರಣವಾಗಿರಲಿಲ್ಲ.

ಹೊರಬಿದ್ದ ಮಿಶ್ರಣವನ್ನು ಮರಳಿ ಒಳತಳ್ಳುವ ವಿದ್ಯೆ ಬೆಳೆದದ್ದು ಜರ್ಮನಿಯಲ್ಲಿ. ಡಿಕೆಡಬ್ಲ್ಯು ಸಂಸ್ಥೆಯ ಎರಿಕ್ ವುಲ್ಫ್ 1950ರ ದಶಕದ ಆರಂಭದಲ್ಲಿ, ಹೊಗೆಕೊಳವೆಯನ್ನು ನಡುವೆ ಉಬ್ಬಿಸಿ ಕೊನೆಯಲ್ಲಿ ಕಿರಿದುಗೊಳಿಸಿ ಬಲ ಹೆಚ್ಚಿದುದನ್ನು ಕಂಡಿದ್ದನು; ಅದನ್ನು ಶಾಸ್ತ್ರವಾಗಿ ಮಾಡಿದವನು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಯುದ್ಧಕಾಲದಲ್ಲಿ ಕ್ಷಿಪಣಿಗಳ ಕೆಲಸದಲ್ಲಿ ದುಡಿದಿದ್ದ ಈ ಎಂಜಿನಿಯರನು, ಕೊಳವೆಯೊಳಗೆ ಓಡಾಡುವ ಒತ್ತಡದ ಅಲೆಗಳನ್ನು ಆಸಿಲೊಸ್ಕೋಪಿನ ತೆರೆಯ ಮೇಲೆ ನೋಡಿ, ಅವು ಯಾವ ಕ್ಷಣದಲ್ಲಿ ಎಲ್ಲಿರುವುವೆಂದು ಅಳೆದು, ಕೊಳವೆಗೆ ಅದಕ್ಕೆ ತಕ್ಕ ಉದ್ದವನ್ನೂ ಇಳಿಜಾರನ್ನೂ ಕೊಟ್ಟನು. 1961ರ ವೇಳೆಗೆ ಅವನ 125 ಸಿಸಿ ಪಂದ್ಯದ ಎಂಜಿನ್ನು 25 ಅಶ್ವಶಕ್ತಿಯನ್ನು, ಎಂದರೆ ಲೀಟರಿಗೆ 200ರ ಪ್ರಮಾಣವನ್ನು ಮುಟ್ಟಿತ್ತು. ಅದೇ ವರ್ಷ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಸಂದರ್ಭದಲ್ಲಿ ಪಶ್ಚಿಮಕ್ಕೆ ಓಡಿಹೋಗಿ, ಕಾಡೆನ್ನನ ಗುಟ್ಟುಗಳೊಡನೆ ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. ಮರುವರ್ಷವೇ 50 ಸಿಸಿ ವರ್ಗದ ವಿಶ್ವಪದವಿ ಸುಜುಕಿಯದಾಯಿತು. ವಿಜ್ಞಾನದ ಒಂದು ತುಣುಕು ಗಡಿ ದಾಟಿದುದರ ಫಲವನ್ನು ಇಷ್ಟು ಬೇಗ, ಇಷ್ಟು ನಿಚ್ಚಳವಾಗಿ ತೋರಿಸುವ ಪ್ರಸಂಗಗಳು ವಿರಳ.

ವಿಸ್ತರಣ ಕೋಶವೆನ್ನಬಹುದಾದ ಈ ಕೊಳವೆಯ ನಡೆ ಹೀಗೆ. ಹೊಗೆಗಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಹೊರಟು, ಕೊಳವೆ ಅಗಲವಾಗುತ್ತ ಹೋಗುವ ಭಾಗವನ್ನು ಮುಟ್ಟಿದಾಗ ಅದರ ಒಂದಂಶ ವಿಪರ್ಯಾಸಗೊಂಡು, ಹೀರುವ ಅಲೆಯಾಗಿ ಹಿಂದಿರುಗುವುದು. ಅದು ಸಿಲಿಂಡರಿನ ಹೊಗೆಯನ್ನು ಸೆಳೆಯುವುದಲ್ಲದೆ ಕೆಳಗಿನಿಂದ ಹೊಸ ಮಿಶ್ರಣವನ್ನೂ ಮೇಲೆಳೆಯುವುದು. ಅಲೆಯ ಉಳಿದ ಭಾಗವು ಮುಂದುವರಿದು, ಕೊಳವೆ ಮತ್ತೆ ಕಿರಿದಾಗುವ ಕೊನೆಯ ಶಂಕುವನ್ನು ಹೊಡೆದು, ಈ ಬಾರಿ ಒತ್ತುವ ಅಲೆಯಾಗಿಯೇ ಮರಳುವುದು. ಸೆಳೆತಕ್ಕೆ ಸಿಕ್ಕಿ ಕೊಳವೆಗೆ ಹೋಗಿದ್ದ ಮಿಶ್ರಣವನ್ನು, ಹೊಗೆಗಂಡಿ ಮುಚ್ಚುವುದಕ್ಕೆ ಮುಂಚಿನ ಕೊನೆಯ ಗಳಿಗೆಯಲ್ಲಿ ಅದು ಸಿಲಿಂಡರಿಗೆ ತುರುಕುವುದು. ನಿಮಿಷಕ್ಕೆ 8000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಹಿಡಿಯುವ ಕಾಲ 7.5 ಮಿಲಿಸೆಕೆಂಡು. ಹೊಗೆಗಂಡಿಯು, ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕಿನ 180 ಡಿಗ್ರಿಗಳಷ್ಟು ಕಾಲ ತೆರೆದಿರುವುದಾದರೆ ಅಲೆಗೆ ಹೋಗಿಬರಲು ದೊರೆಯುವುದು 3.75 ಮಿಲಿಸೆಕೆಂಡು ಮಾತ್ರ. ಬಿಸಿಯಾದ ಹೊಗೆಯಲ್ಲಿ ಅಲೆಯ ವೇಗವು ಸೆಕೆಂಡಿಗೆ ಸುಮಾರು 500 ಮೀಟರಾದ್ದರಿಂದ, ಹೋಗಿಬರುವ ದಾರಿ 1.9 ಮೀಟರಿನೊಳಗೆ, ಕೊಳವೆಯ ಉದ್ದ 94 ಸೆಂಟಿಮೀಟರಿನ ಆಸುಪಾಸಿನಲ್ಲಿ ಇರಬೇಕೆಂದು ಬಾಯಿಲೆಕ್ಕದಲ್ಲಿಯೇ ಹೇಳಬಹುದು.

ಅದೇ ಎಂಜಿನ್ನು 5000 ಸುತ್ತುಗಳಲ್ಲಿ ತಿರುಗುತ್ತಿದ್ದರೆ ಏನಾಗುವುದೆಂದು ನೋಡೋಣ. ಅಲೆ ತನ್ನ ವೇಗವನ್ನು ಬದಲಿಸಿಕೊಳ್ಳದು; ಅದು 3.75 ಮಿಲಿಸೆಕೆಂಡಿನಲ್ಲಿಯೇ ಹಿಂದಿರುಗುವುದು, ಆದರೆ ಅಷ್ಟರಲ್ಲಿ ಕ್ರ್ಯಾಂಕು ತಿರುಗಿರುವುದು 112 ಡಿಗ್ರಿ ಮಾತ್ರ. ಕೆಳಗಿನಿಂದ ಮಿಶ್ರಣ ಇನ್ನೂ ಬರುತ್ತಿರುವಾಗಲೇ ಬಾಗಿಲಿಗೆ ಬಂದ ಈ ಅತಿಥಿಯು, ಹೊರಗೆ ಹೋಗಿದ್ದ ಹೊಗೆಯನ್ನೇ ಒಳಗೆ ತಳ್ಳಿ ಎಲ್ಲವನ್ನೂ ಕೆಡಿಸುವನು. ವೇಗದ ಎಂಜಿನ್ನೆಲ್ಲ ಕೆಳಗಿನ ಸುತ್ತುಗಳಲ್ಲಿ ಗೊರಗೊರನೆ ಮುನಿಸಿಕೊಂಡಿದ್ದು, ಒಂದು ಹಂತವನ್ನು ಮುಟ್ಟಿದೊಡನೆ ಯಾರೋ ಹಿಂದಿನಿಂದ ನೂಕಿದಂತೆ ಎಗರುವುದರ ರಹಸ್ಯ ಇದೇ. ಆದುದರಿಂದ ಎಂಜಿನ್ನನ್ನು ಕಟ್ಟಲು ಕೂರುವವನು ಬಿಡಿಭಾಗಗಳ ಪಟ್ಟಿಯನ್ನು ನೋಡುವ ಮುನ್ನ, ತನಗೆ ಯಾವ ಸುತ್ತಿನಲ್ಲಿ ಬಲ ಬೇಕೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಮಿಕ್ಕ ನಿರ್ಧಾರಗಳೆಲ್ಲ ಆ ಒಂದು ಸಂಖ್ಯೆಗೆ ಅಧೀನ.

ಸಿಲಿಂಡರಿನ ಆಯ್ಕೆಯಲ್ಲಿ ಇದು ಮೊದಲು ಗೋಚರವಾಗುವುದು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಂದ ಟಿಎಸ್‌–1 ಎಂಬ ಸಿಲಿಂಡರು ಈ ಕ್ಷೇತ್ರದಲ್ಲಿ ಒಂದು ಯುಗವನ್ನೇ ತೆರೆಯಿತೆನ್ನಬೇಕು. 70 ಮಿಲಿಮೀಟರ್ ವ್ಯಾಸದ ಅದನ್ನು ಹಳೆಯ ಕ್ರ್ಯಾಂಕಿನ ಮೇಲೆಯೇ ಕೂರಿಸಿದರೆ ಗಾತ್ರವು 223 ಸಿಸಿ ಆಗುವುದು. ಗಾತ್ರವು ಏರಿದ್ದು ಎಂಟನೆಯ ಒಂದು ಪಾಲಾದರೂ ಬಲವು ಇಮ್ಮಡಿಯಾಗುವುದಕ್ಕೆ ಕಾರಣ ಬೇರೆಯೇ. ಮೂಲ ಎಂಜಿನ್ನಿನಲ್ಲಿ ಮಿಶ್ರಣ ಒಳಬರುವ ಗಂಡಿಯನ್ನೂ ಪಿಸ್ಟನ್ನಿನ ಅಂಚೇ ತೆರೆದು ಮುಚ್ಚುತ್ತಿದ್ದುದರಿಂದ, ಅದು ಪಿಸ್ಟನ್ನು ಅತಿ ಮೇಲೇರುವ ತುದಿಬಿಂದುವಿಗೆ ಎಷ್ಟು ಡಿಗ್ರಿ ಮುಂಚೆ ತೆರೆಯುವುದೋ ಅಷ್ಟೇ ಡಿಗ್ರಿ ಆಮೇಲೆ ಮುಚ್ಚಬೇಕು. ಬೇಗ ತೆರೆದರೆ ತಡವಾಗಿ ಮುಚ್ಚಿ, ಒಳಬಂದ ಮಿಶ್ರಣ ಕಾರ್ಬ್ಯುರೇಟರಿನ ಬಾಯಿಂದಲೇ ಉಗುಳಲ್ಪಡುವುದು. ಟಿಎಸ್‌–1ರಲ್ಲಿ ಆ ದಾರಿಗೆ ರೀಡ್ ವಾಲ್ವು ಎಂಬ, ತೆಳುವಾದ ನಾಲಗೆಗಳುಳ್ಳ ಕವಾಟವಿದೆ. ಒಳಗಿನ ಒತ್ತಡ ತಗ್ಗಿದಾಗ ನಾಲಗೆಗಳು ತಾವಾಗಿ ಬಾಗಿ ದಾರಿ ಬಿಡುವುವು, ಹೆಚ್ಚಿದಾಗ ಮುಚ್ಚಿಕೊಳ್ಳುವುವು. ತೆರೆಯುವ ಮುಚ್ಚುವ ಗಳಿಗೆಯನ್ನು ಜ್ಯಾಮಿತಿಯ ಬದಲು ಗಾಳಿಯೇ ತೀರ್ಮಾನಿಸುವುದು. ಈಚೆಗೆ ಇಟಲಿಯಿಂದಲೂ ಜರ್ಮನಿಯಿಂದಲೂ ಬಗೆಬಗೆಯ ಸಿಲಿಂಡರುಗಳು ಬಂದಿವೆ. ಊರಿಂದೂರಿಗೆ ಹೋಗಿಬರುವವನಿಗೆ ಹೊಗೆಗಂಡಿಯ ಅವಧಿ 170ರಿಂದ 178 ಡಿಗ್ರಿಗಳ ನಡುವೆ ಇರುವುದನ್ನೇ ನಾನು ಹೇಳುವೆನು. 190ರ ಮೇಲಿನವು ಪಂದ್ಯದ ಕಣಕ್ಕೆ ಸಲ್ಲುವಂಥವು. ಪೇಟೆಯ ಸಿಗ್ನಲ್ ದೀಪಗಳೆದುರು ಅವುಗಳ ಪ್ರತಾಪವೆಲ್ಲ ಕ್ಲಚ್ಚನ್ನು ಸುಡುವುದರಲ್ಲಿಯೇ ಮುಗಿಯುವುದು.

ಸಿಲಿಂಡರು ಹೊಸದಾದರೂ ಕ್ರ್ಯಾಂಕ್‌ಕೇಸು ಹಳೆಯದೇ ಅಷ್ಟೆ. ಅದರ ಬಾಯಲ್ಲಿರುವ ದಾರಿಗಳು ಮೂಲ ಸಿಲಿಂಡರಿನ ಚಿಕ್ಕ ಗಂಡಿಗಳಿಗೆ ತಕ್ಕವು. ಹೊಸ ಸಿಲಿಂಡರಿನ ವಿಶಾಲವಾದ ಗಂಡಿಗಳ ಬುಡದಲ್ಲಿ ಅವು ಮೆಟ್ಟಿಲಿನಂತೆ ಚಾಚಿಕೊಂಡಿದ್ದು ಹರಿವಿಗೆ ಅಡ್ಡಿಯಾಗುವುವು. ಸಿಲಿಂಡರಿನ ತಳದ ಗ್ಯಾಸ್ಕೆಟ್ಟನ್ನು ಮಾದರಿಯಾಗಿಟ್ಟು ಗೆರೆ ಎಳೆದು, ಹೆಚ್ಚಾದ ಲೋಹವನ್ನು ಗ್ರೈಂಡರಿನಿಂದ ಸವೆಯಿಸಿ ಎರಡನ್ನೂ ಸರಿಗೂಡಿಸುವ ಕೆಲಸದಲ್ಲಿ ಒಂದು ದಿನ ಕಳೆದುಹೋಗುವುದು. ಆದರೆ ಇಡೀ ನಿರ್ಮಾಣದಲ್ಲಿ ಇಷ್ಟು ಕಡಿಮೆ ಖರ್ಚಿನಿಂದ ಇಷ್ಟು ಫಲ ಕೊಡುವ ಶ್ರಮ ಬೇರೊಂದಿಲ್ಲ. ಬೇರಿಂಗುಗಳನ್ನು ಕೂರಿಸುವಾಗ ಸುತ್ತಿಗೆಯ ಹಂಗಿಲ್ಲ: ಕೇಸನ್ನು ನೂರು ಡಿಗ್ರಿಗಿಂತ ತುಸು ಹೆಚ್ಚಾಗಿ ಕಾಯಿಸಿದರೆ, ಉಕ್ಕಿಗಿಂತ ಎರಡು ಪಾಲು ವೇಗವಾಗಿ ಹಿಗ್ಗುವ ಅಲ್ಯೂಮಿನಿಯಂ ತಾನೇ ಮನೆಯನ್ನು ಅಗಲಿಸಿಕೊಳ್ಳುವುದು.

ಕ್ರ್ಯಾಂಕಿನ ವಿಷಯದಲ್ಲಿ ಜಿಪುಣತನ ಕೂಡದು. ಏತಕ್ಕೆಂದರೆ, ಪಿಸ್ಟನ್ನು ಪ್ರತಿ ಸುತ್ತಿಗೂ ಎರಡು ಬಾರಿ ನಿಂತು ಎರಡು ಬಾರಿ ಧಾವಿಸಬೇಕು. ಅದಕ್ಕೆ ಬೇಕಾಗುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು. ಪಿಸ್ಟನ್ನು, ರಿಂಗುಗಳು, ಪಿನ್ನು ಸೇರಿ ಕಾಲು ಕಿಲೊ ತೂಗುವುವೆಂದೂ, ಕನೆಕ್ಟಿಂಗ್ ರಾಡಿನ ಉದ್ದ ಮೂಲದ 107 ಮಿಲಿಮೀಟರೇ ಎಂದೂ ಇಟ್ಟುಕೊಂಡರೆ, 6000 ಸುತ್ತುಗಳಲ್ಲಿ ತುದಿಬಿಂದುವಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಸುಮಾರು 370 ಕಿಲೊ ತೂಕದಷ್ಟು ಬಲ ಬೇಕು. 8000ದಲ್ಲಿ ಅದು 660 ಆಗುವುದು. ಸುತ್ತು ಏರಿದ್ದು ಮೂರರಲ್ಲೊಂದು ಪಾಲು, ಭಾರ ಏರಿದ್ದು ಮುಕ್ಕಾಲು ಪಾಲು. ಎರಡು ತಟ್ಟೆಗಳ ನಡುವೆ ಒತ್ತಿ ಕೂರಿಸಿದ ಹಳೆಯ ಕ್ರ್ಯಾಂಕು ಈ ಭಾರಕ್ಕೆ ಪಿನ್ನಿನ ಸುತ್ತ ನವಿರಾಗಿ ತಿರುಚಿಕೊಳ್ಳುವುದುಂಟು. ಅದನ್ನು ತಾಳುವ ಹೊಸ ಕ್ರ್ಯಾಂಕು ಕೊಂಡರೂ, ಅದರ ಓಲಾಟವು ಸೆಂಟಿಮೀಟರಿನ ಮುನ್ನೂರನೆಯ ಒಂದು ಪಾಲನ್ನು ಮೀರದೆಂದು ಡಯಲ್ ಗೇಜಿನಿಂದ ನೋಡಿಯೇ ಒಳಗಿಡಬೇಕು. ಮೊಹರು ಮಾಡಿದ ಪೆಟ್ಟಿಗೆಯಿಂದ ಬಂದದ್ದೆಂಬ ಮಾತ್ರಕ್ಕೆ ನೆಟ್ಟಗಿರುವುದೆಂದು ನಂಬುವುದು ಭೋಳೆತನ.

ಇನ್ನು ಉಷ್ಣದ ಪ್ರಶ್ನೆ. ಬಲವು ಇಮ್ಮಡಿಯಾದರೆ ಸಿಲಿಂಡರು ಹೊರಹಾಕಬೇಕಾದ ಶಾಖವೂ ಬಹುಮಟ್ಟಿಗೆ ಇಮ್ಮಡಿ. ಅದನ್ನು ಒಯ್ಯುವುದು ಮಾತ್ರ ಫ್ಲೈವೀಲಿನ ಮೇಲಿನ ಅದೇ ಹಳೆಯ ಫ್ಯಾನು. 66 ಮಿಲಿಮೀಟರಿನ ಅಲ್ಯೂಮಿನಿಯಂ ಪಿಸ್ಟನ್ನು 150 ಡಿಗ್ರಿ ಬಿಸಿಯೇರಿದಾಗ ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಹಿಗ್ಗಿದರೆ, ಎರಕದ ಕಬ್ಬಿಣದ ಸಿಲಿಂಡರು ಅದರ ಅರ್ಧದಷ್ಟೇ ಹಿಗ್ಗುವುದು; ನಮ್ಮ ಲೇತಿನ ಕಾರ್ಖಾನೆಗಳಲ್ಲಿ ಬೋರ್ ಮಾಡಿಸುವಾಗ ನಡುವೆ ಬಿಡುವ ಸಂದು ಈ ವ್ಯತ್ಯಾಸದ ಪ್ರಾಯಶ್ಚಿತ್ತವೇ ಸರಿ. ಅದನ್ನು ತೀರ ಕಡಿಮೆ ಬಿಟ್ಟರೆ ಸೀಜ್, ಹೆಚ್ಚು ಬಿಟ್ಟರೆ ಪಿಸ್ಟನ್ನು ಗಡಗಡನೆ ಅಲುಗಾಡಿ ರಿಂಗುಗಳು ಹಾಳು. ಹೊಸ ಸಿಲಿಂಡರುಗಳು ತಾವೂ ಅಲ್ಯೂಮಿನಿಯಮ್ಮಿನವು. ಒಳಮೈಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡುಗಳ ತೆಳುವಾದ ಲೇಪವಿದ್ದು, ಪಿಸ್ಟನ್ನಿನೊಡನೆ ಹೆಜ್ಜೆ ಕೂಡಿಸಿ ಹಿಗ್ಗುವುದರಿಂದ ಸಂದನ್ನು ಕಿರಿದಾಗಿಡಬಹುದು. ಶಾಖವನ್ನೂ ಅವು ಬೇಗ ಹೊರಗೊಯ್ಯುವುವು. ಆದರೆ ಲೇಪ ಕಿತ್ತುಬಂದ ಸಿಲಿಂಡರನ್ನು ಮತ್ತೊಮ್ಮೆ ಬೋರ್ ಮಾಡಿಸಿ ಬದುಕಿಸುವಂತಿಲ್ಲ.

ಸಿಲಿಂಡರಿನ ಹೆಡ್ಡು ನೋಡಲು ಸರಳವಾದ ಮುಚ್ಚಳ. ಅದರ ಅಂಚಿನ ಸುತ್ತಲೂ ಪಿಸ್ಟನ್ನು ತುದಿಗೇರಿದಾಗ ಉಳಿಯುವ ಕಿರಿದಾದ ಸಂದಿಗೆ ಸ್ಕ್ವಿಶ್ ಎಂದು ಹೆಸರು. ಅಲ್ಲಿ ಹಿಂಡಲ್ಪಟ್ಟ ಮಿಶ್ರಣವು ನಡುವಿನ ಗುಳಿಗೆ ರಭಸದಿಂದ ನುಗ್ಗಿ ಉರಿಯನ್ನು ಚುರುಕುಗೊಳಿಸುವುದು, ಅಂಚಿನಲ್ಲಿ ಉಳಿದ ಅಲ್ಪ ಅನಿಲವು ತಂಪಾಗಿದ್ದು ತಾನಾಗಿ ಸಿಡಿಯದಂತೆ ತಡೆಯುವುದು. ಪ್ಲಗ್ಗಿನ ತೂತಿನಿಂದ ಬೆಸುಗೆಯ ಸೀಸದ ತಂತಿಯನ್ನು ಗೋಡೆ ಮುಟ್ಟುವಂತೆ ಇಳಿಸಿ, ಎಂಜಿನ್ನನ್ನು ಕೈಯಿಂದ ಒಮ್ಮೆ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆದರೆ ಸಂದಿ ಎಷ್ಟೆಂದು ತಿಳಿಯುವುದು. 1.2ರಿಂದ 1.4 ಮಿಲಿಮೀಟರು ಉತ್ತಮ. ಎರಡನ್ನು ಮೀರಿದರೆ ಆ ಸಂದಿಯಿಂದ ಪ್ರಯೋಜನವಿಲ್ಲ. ಕಿಡಿಯ ಕಾಲವನ್ನೂ ಇದಕ್ಕೆ ಹೊಂದಿಸತಕ್ಕದ್ದು. ಮೂಲ ಎಂಜಿನ್ನಿನಲ್ಲಿ ತುದಿಬಿಂದುವಿಗೆ 21–23 ಡಿಗ್ರಿ ಮುಂಚೆ ಹಾರುತ್ತಿದ್ದ ಕಿಡಿಯನ್ನು 17–19ಕ್ಕೆ ತಡಮಾಡುವುದು ವಾಡಿಕೆ. ಅಲೆಗಳು ಚೆನ್ನಾಗಿ ತುಂಬಿಸಿದ ಸಿಲಿಂಡರಿನಲ್ಲಿ ಉರಿಯು ಬೇಗ ಹಬ್ಬುವುದರಿಂದ ಅದಕ್ಕೆ ಅಷ್ಟು ಮುಂಗಡದ ಅಗತ್ಯವಿಲ್ಲ, ಕೊಟ್ಟರೆ ಪಿಸ್ಟನ್ನಿನ ನೆತ್ತಿ ತೂತಾಗುವುದು.

ಗಳಿಸಿದ ಬಲದಿಂದ ವೇಗ ಎಷ್ಟು ಹೆಚ್ಚೀತೆಂದು ಕೇಳುವವರಿಗೆ ಭೌತಶಾಸ್ತ್ರವು ಕೊಡುವ ಉತ್ತರ ಅಷ್ಟೇನೂ ಹಿತಕರವಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾದ್ದರಿಂದ, 12 ಅಶ್ವಶಕ್ತಿಯನ್ನು 24 ಮಾಡಿದರೆ ಗರಿಷ್ಠ ವೇಗವು ನಾಲ್ಕನೆಯ ಒಂದು ಪಾಲು ಏರುವುದು, ಅಷ್ಟೆ. ನಿಜವಾದ ಸುಖವಿರುವುದು ಏರುದಾರಿಯಲ್ಲಿ, ಹಿಂದೊಬ್ಬರನ್ನು ಕೂರಿಸಿಕೊಂಡಾಗ, ಲಾರಿಯೊಂದನ್ನು ದಾಟುವಾಗ. ಗೇರುಗಳೂ ಇದಕ್ಕೆ ಸಹಕರಿಸಬೇಕು: ಮೂರಕ್ಕೂ ನಾಲ್ಕಕ್ಕೂ ಶೇಕಡ 25ರ ಅಂತರವಿದ್ದರೆ 8000ದಲ್ಲಿ ಗೇರು ಬದಲಿಸಿದವನು 6000ಕ್ಕೆ ಬೀಳುವನು, ಆ ಸುತ್ತಿನಲ್ಲಿ ಅವನ ಕೊಳವೆ ಇನ್ನೂ ಮುನಿಸಿನಲ್ಲಿದ್ದರೆ ಎಷ್ಟು ಹೆಚ್ಚು ಬಲವಿದ್ದೂ ವ್ಯರ್ಥ. ಚೈನಿನ ಹಲ್ಲುಚಕ್ರವನ್ನು ಬದಲಿಸಿ ಇಡೀ ಅನುಪಾತವನ್ನು ಹಿಗ್ಗಿಸಬಹುದೇ ಹೊರತು ಈ ಅಂತರ ಅದರಿಂದ ತಗ್ಗದು. ಐದು ಗೇರುಗಳ ಪೆಟ್ಟಿಗೆ ಮಾರುಕಟ್ಟೆಗೆ ಬಂದದ್ದು ಈ ಕಾರಣಕ್ಕೆ. ಬ್ರೇಕುಗಳ ವಿಚಾರ ಹೇಳದೆಯೇ ತಿಳಿಯತಕ್ಕದ್ದು.

ಕಟ್ಟಿ ಮುಗಿದ ಎಂಜಿನ್ನನ್ನು ಹೊತ್ತಿಸುವ ಮುನ್ನ ಅದರ ಬಾಯಿಗಳನ್ನೆಲ್ಲ ಮುಚ್ಚಿ ಒಳಗೆ ಸ್ವಲ್ಪ ಗಾಳಿ ತುಂಬಿ, ಒತ್ತಡ ಇಳಿಯುವುದೋ ಎಂದು ನೋಡುವುದನ್ನು ಆತುರದವರು ಬಿಟ್ಟುಬಿಡುವರು. ಕ್ರ್ಯಾಂಕಿನ ತುದಿಯ ಎಣ್ಣೆ ಸೀಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಂದ ನುಸುಳುವ ಗಾಳಿಯು ಮಿಶ್ರಣವನ್ನು ತೆಳುಮಾಡುವುದು. ತೆಳುವಾದ ಮಿಶ್ರಣವು ಬಿಸಿಯಾಗಿ ಉರಿಯುವುದಷ್ಟೇ ಅಲ್ಲ, ಪೆಟ್ರೋಲಿನಲ್ಲಿಯೇ ಬೆರೆತು ಬರುವ ಎಣ್ಣೆಯನ್ನೂ ಕಡಿಮೆ ತರುವುದು. ದಂಡನೆ ಎರಡು ಕಡೆಯಿಂದ.

ಕೊನೆಗೆ ಉಳಿಯುವುದು ಕಾರ್ಬ್ಯುರೇಟರಿನ ಜೆಟ್ಟು, ಎಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತು. ಇಂಗ್ಲೆಂಡಿನ ಕಡಲತೀರದ ತಣ್ಣನೆಯ ಗಾಳಿಗೂ ಎಥನಾಲ್ ಬೆರೆಸದ ಪೆಟ್ರೋಲಿಗೂ ಹೊಂದಿಸಿದ ಎಂಜಿನ್ನೊಂದು ಬೆಂಗಳೂರಿಗೆ ಬಂದರೆ ಏನಾಗಬೇಕು? ಸುಮಾರು 920 ಮೀಟರ್ ಎತ್ತರದ ಈ ಊರಿನ ಬೇಸಗೆಯ ಗಾಳಿಯು ಅಲ್ಲಿಯದಕ್ಕಿಂತ ಶೇಕಡ 13ರಷ್ಟು ವಿರಳ. ಆದರೆ ಕಾರ್ಬ್ಯುರೇಟರು ಹೀರುವ ಗಾಳಿಯು ಸಾಂದ್ರತೆಯ ಪ್ರಮಾಣದಲ್ಲಿಯೂ, ಪೆಟ್ರೋಲು ಅದರ ವರ್ಗಮೂಲದ ಪ್ರಮಾಣದಲ್ಲಿಯೂ ತಗ್ಗುವುದರಿಂದ ಮಿಶ್ರಣವು ಶೇಕಡ 7ರಷ್ಟು ದಟ್ಟವಾಗುವುದು, ಜೆಟ್ಟು ಚಿಕ್ಕದಾಗಬೇಕು. ಇತ್ತ ನಮ್ಮ ಬಂಕುಗಳಲ್ಲಿ ಸಿಗುವ, ಐದರಲ್ಲೊಂದು ಪಾಲು ಎಥನಾಲ್ ಸೇರಿದ ಪೆಟ್ರೋಲು ಪೂರ್ಣವಾಗಿ ಉರಿಯಲು 14.7ರ ಬದಲು ಸುಮಾರು 13.5 ಪಾಲು ಗಾಳಿಯೇ ಸಾಕು; ಎಂದರೆ ಅಷ್ಟೇ ಗಾಳಿಗೆ ಶೇಕಡ 8–9ರಷ್ಟು ಹೆಚ್ಚು ಇಂಧನ ಬೇಕು, ಜೆಟ್ಟು ದೊಡ್ಡದಾಗಬೇಕು. ಎರಡು ವಿರುದ್ಧ ತಿದ್ದುಪಡಿಗಳು ಒಂದನ್ನೊಂದು ಬಹುತೇಕ ನುಂಗಿಕೊಂಡು, ಕಡಲಾಚೆಯ ಜೆಟ್ಟೇ ಇಲ್ಲಿಗೂ ಹೊಂದುವುದೆಂಬುದು ಲೆಕ್ಕದ ವಿನೋದ. ಆದರೂ ಲೆಕ್ಕಕ್ಕಿಂತ ಪ್ಲಗ್ಗಿನ ಸಾಕ್ಷ್ಯ ದೊಡ್ಡದು: ಖಾಲಿಯಾದ ನೇರ ದಾರಿಯಲ್ಲಿ ನಾಲ್ಕನೆಯ ಗೇರಿನಲ್ಲಿ ಪೂರ್ಣ ಎಕ್ಸಲರೇಟರಿನಿಂದ ಸ್ವಲ್ಪ ಹೊತ್ತು ಓಡಿಸಿ, ಕ್ಲಚ್ಚನ್ನು ಹಿಡಿದೊಡನೆ ಎಂಜಿನ್ನನ್ನು ಆರಿಸಿ, ಪ್ಲಗ್ಗನ್ನು ಬಿಚ್ಚಿ ಅದರ ಬಿಳಿಯ ಪಿಂಗಾಣಿಯನ್ನು ನೋಡತಕ್ಕದ್ದು. ಕಂದುಬಣ್ಣವಿದ್ದರೆ ಸರಿ, ಮಸಿಯಿದ್ದರೆ ದಟ್ಟ, ಸುಣ್ಣದಂತೆ ಬೆಳ್ಳಗಿದ್ದರೆ ಅಪಾಯ. ಸಂದೇಹವಿದ್ದಾಗ ಒಂದು ಅಂಕ ದೊಡ್ಡ ಜೆಟ್ಟನ್ನು ಹಾಕಿಕೊಂಡು ಮನೆಗೆ ಹೊರಡುವುದು ಕ್ಷೇಮ.